ಸಿಹಿನೀರು ಕುಡಿದ ಕಾರು

ಯಾದಗಿರಿಯಲ್ಲಿ ನಾನು ನಡೆಸುವ ಡ್ರೈವಿಂಗ್ ಶಾಲೆಗೆ ಸೇರುವ ಹೆಣ್ಣುಮಕ್ಕಳಿಗೆ ಮೊದಲ ದಿನ ಸ್ಟೇರಿಂಗ್ ಮುಟ್ಟಗೊಡುವುದಿಲ್ಲ. ಬಾನೆಟ್ ಎತ್ತಿಸಿ, ಒಳಗೆ ಯಾವುದು ಬಿಸಿ, ಯಾವುದು ತಣ್ಣಗೆ, ಕೈಯಿಂದ ನೋಡಿ ಹೇಳಿ ಅನ್ನುತ್ತೇನೆ. ಕೆಲವರು ಮೂಗು ಮುರಿಯುತ್ತಾರೆ. ಗಾಡಿ ಮಿಸ್ತ್ರಿ ಇರುವಾಗ ಇದೆಲ್ಲ ನಮಗ್ಯಾಕ್ರಿ ಮೇಡಂ ಅಂತ ಕೇಳುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ನನ್ನ ಸಿಟ್ಟು ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಅದರ ಬಗ್ಗೆ ನನಗೆ ನಾಚಿಕೆಯೇನೂ ಇಲ್ಲ. ರೊಟ್ಟಿ ಹಂಚು ಕಾದಿದೆಯೋ ಇಲ್ಲವೋ ಅಂತ ಬೆರಳ ತುದಿಯಿಂದ ಹನಿ ಸಿಡಿಸಿ ಹೇಳಬಲ್ಲ ಹೆಂಗಸು ಕಾರಿನ ಮುಂದೆ ಯಾಕೆ ಕೈಕಟ್ಟಿ ನಿಲ್ಲಬೇಕು ಎಂದು ಗದರುತ್ತೇನೆ. ಇದು ನಾನು ಎಲ್ಲೋ ಓದಿ ಕಲಿತದ್ದಲ್ಲ. ಶಹಾಪುರದ ನಮ್ಮ ಮಾಳಿಗೆ ಮನೆಯಲ್ಲಿ, ನಾನಿನ್ನೂ ಲಂಗ ಉಡುತ್ತಿದ್ದಾಗ, ಕಣ್ಣಾರೆ ಕಂಡದ್ದು.

ಆ ಮನೆಗೆ ಬಂಡಿ ಒಳಗೆ ಬರಲೆಂದು ಅಜ್ಜ ಇಡಿಸಿದ ದೊಡ್ಡ ಬಾಗಿಲಿತ್ತು. ಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಗೋಡೆಗುಂಟ ಮೇವು ಹಾಕುವ ಗ್ವಾದಲಿ. ಬಲಕ್ಕೆ ಫರಸಿ ಕಲ್ಲು ಹಾಸಿದ ಕಟ್ಟೆ. ಅದರ ಮೇಲೆ ಆಯಿ, ಅಂದರೆ ಅಪ್ಪನ ಅವ್ವ, ತೊಗರಿ ಹಸನು ಮಾಡುತ್ತ ಬೆಳಗಿನಿಂದ ಸಂಜೆಯತನಕ ಕೂತಿರುತ್ತಿದ್ದಳು. ಒಳಗೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಅರೆಗತ್ತಲಿರುವ ಅಡುಗೆಮನೆ, ಹಿತ್ತಲ ಕಡೆ ತಾಮ್ರದ ಹಂಡೆ ಹೂಳಿದ ಬಚ್ಚಲು, ಬಚ್ಚಲಿನಾಚೆ ಬಾವಿ. ಕೊನೆಯ ಜೋಡಿ ಎತ್ತು ಹೋದ ಮೇಲೆ ಗ್ವಾದಲಿ ಖಾಲಿ ಬಿದ್ದಿತ್ತು. ಅಪ್ಪ ಎಲ್ಲಿಂದಲೋ ಒಂದು ಹಳೇ ಕರಿ ಕಾರು ತಂದಾಗ ಅದನ್ನು ನಿಲ್ಲಿಸಲು ಬೇರೆ ಜಾಗವಿರಲಿಲ್ಲ. ಕಾರು ಗ್ವಾದಲಿಗೆ ಮೂತಿ ಕೊಟ್ಟು ನಿಂತಿತು. ಆಯಿ ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಆವತ್ತಿನಿಂದ ಅದನ್ನು ದನದ ಲೆಕ್ಕದಲ್ಲೇ ಇಟ್ಟಳು. ಹೊರಗೆ ದುಡಿದು ಬಂದ ಜೀವಕ್ಕೆ ಮೊದಲು ನೀರು ಕೊಡಬೇಕು ಎಂಬುದು ಅವಳ ಕಾನೂನು. ಸಂಜೆ ಕಾರು ಬಂದು ಒಂದಿಷ್ಟು ಆರಿದ ಮೇಲೆ ಬಾವಿಯಿಂದ ಒಂದು ಕೊಡ ನೀರು ತಂದು ಅಪ್ಪನ ಕೈಗೆ ಕೊಡುವುದು ನನ್ನ ಕೆಲಸವಾಯಿತು. ಅಪ್ಪ ರೇಡಿಯೇಟರಿನ ಮುಚ್ಚಳಕ್ಕೆ ಚಿಂದಿ ಹಿಡಿದು ತಿರುಗಿಸಿ ನೀರು ಸುರಿಯುತ್ತಿದ್ದ, ನಾನು ಅದು ಗುಟುಗುಟು ಕುಡಿಯುವುದನ್ನು ಕೇಳುತ್ತ ನಿಲ್ಲುತ್ತಿದ್ದೆ.

ನಮ್ಮ ಮನೆಯಲ್ಲಿ ನೀರಿಗೂ ಜಾತಿಯಿತ್ತು. ಹಿತ್ತಲ ಬಾವಿಯದು ಸವಳು ನೀರು. ಬಾಯಿಗೆ ಹಾಕಿದರೆ ಮುಖ ಕಿವುಚಬೇಕು, ಅದರಲ್ಲಿ ತೊಗರಿಬೇಳೆ ಇಟ್ಟರೆ ಒಲೆಯ ಮುಂದೆ ಕೂತವರು ಬೆಂದರೂ ಬೇಳೆ ಬೇಯುತ್ತಿರಲಿಲ್ಲ. ಕುಡಿಯಲು, ಬೇಳೆಗೆ ಇಡಲು ಗುಡ್ಡದ ಕೆಳಗಿನ ಬಾವಿಯಿಂದ ಸಿಹಿನೀರು ತರಬೇಕು. ಅವ್ವ ಬೆಳಗಾಗುವ ಮೊದಲೇ ಎದ್ದು ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ತರುತ್ತಿದ್ದಳು. ಆ ಕೊಡಗಳ ಮೇಲೆ ಆಯಿಯ ಕಣ್ಣು ಸದಾ ಇರುತ್ತಿತ್ತು. ಸಿಹಿನೀರಲ್ಲಿ ಕೈ ತೊಳೆದವರಿಗೆ, ಅದು ಮೊಮ್ಮಗಳಾದರೂ, ಬೆನ್ನ ಮೇಲೊಂದು ಬೀಳುತ್ತಿತ್ತು. ಅವಳು ಎರಡೇ ಮಾತಿನಲ್ಲಿ ಹೇಳುತ್ತಿದ್ದಳು:

'ಸೀ ನೀರು ಬ್ಯಾಳಿಗಿ, ಬಾಯಿಗಿ. ಮುಗೀತು.'

ಕಾರು ಬರುವ ಮೊದಲು ಅಪ್ಪ ದೊಡ್ಡಪ್ಪನ ಕಿರಾಣಿ ಅಂಗಡಿಯಲ್ಲಿ ಕೂಡುತ್ತಿದ್ದ. ದೊಡ್ಡಪ್ಪ ಕೆಟ್ಟವನಲ್ಲ, ಆದರೆ ಅವನಿದ್ದ ಕಡೆ ಇನ್ನೊಬ್ಬರು ಉಸಿರಾಡಲು ಅವನ ಅಪ್ಪಣೆ ಬೇಕು. ಅಂಗಡಿಯ ಗಾದಿಯ ಮೇಲೆ ಅಪ್ಪನ ಬಾಯಿಂದ 'ಹೌದಣ್ಣ' ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಮನೆಗೆ ಬಂದರೂ ಮೂಲೆ ಹಿಡಿದು ಕೂಡುತ್ತಿದ್ದ. ಕಾರು ಬಂದ ಮೇಲೆ ಅದೇ ಅಪ್ಪ ಬೇರೆ ಮನುಷ್ಯನಾದ. ಯಾದಗಿರಿ ಸ್ಟೇಷನ್ನಿಗೆ ರೈಲು ಹಿಡಿಯುವವರನ್ನು ಬಿಟ್ಟು ಬರುತ್ತಿದ್ದ, ಕೊಂಕಲ್‌ಗೆ ಮದುವೆ ದಿಬ್ಬಣ ಒಯ್ಯುತ್ತಿದ್ದ, ರಾತ್ರಿ ಊಟಕ್ಕೆ ಕೂತಾಗ ದಾರಿಯ ಕಥೆ ಹೇಳಿ ಅವ್ವನನ್ನು ನಗಿಸುತ್ತಿದ್ದ. ರೊಟ್ಟಿ ಬಡಿಯುತ್ತ ಅವ್ವ ನಗುವುದನ್ನು ನಾನು ಮೊದಲ ಸಲ ಕೇಳಿದ್ದು ಆ ಕಾರಿನ ದಿನಗಳಲ್ಲಿ. ಹಾಗಾಗಿ ಆ ಕಾರಿನ ಮೇಲೆ ನನಗೆ ಎಂಥ ಪ್ರೀತಿ ಎಂದರೆ, ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಜಗಳಕ್ಕೆ ಕಾರಣಗಳೂ ಬೇಗನೇ ಸಿಕ್ಕವು. ಕೆಲವು ತಿಂಗಳಲ್ಲಿ ಕಾರು ಗರಂ ಆಗತೊಡಗಿತು. ಬೆಳಗಿನ ತಂಪಿನಲ್ಲಿ, ಸಪಾಟು ದಾರಿಯಲ್ಲಿ ಚೆನ್ನಾಗಿಯೇ ಓಡುವುದು. ಬಿಸಿಲೇರಿದರೆ, ಏರು ಬಂದರೆ, ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಬಾನೆಟ್ಟಿನ ಸಂದಿಯಿಂದ ಬುಸುಬುಸು ಹೊಗೆ. ಮುದನಾಳದ ಹತ್ತಿರ ಒಮ್ಮೆ ಮದುಮಗನೇ ಇಳಿದು ಬಾಸಿಂಗ ಕಟ್ಟಿಕೊಂಡೇ ನೀರು ಹುಡುಕಿಕೊಂಡು ಹೋಗಿದ್ದ. ಅವ್ವನ ತವರು ರಂಗಂಪೇಟೆಗೆ ಹೋಗುವಾಗಲಂತೂ ಸುರಪುರದ ಏರಿನಲ್ಲಿ ಅದು ಕುದಿಯದೆ ಬಿಟ್ಟದ್ದೇ ಇಲ್ಲ. ನಾವು ಬರುವ ಸುದ್ದಿ ಹೋದರೆ ಸಾಕು, ಮಾವ ಏರಿನ ತಲೆಯಲ್ಲಿ ಕೊಡ ಹಿಡಿದವರನ್ನು ನಿಲ್ಲಿಸಿರುತ್ತಿದ್ದ. ತವರಿನವರು ಆರತಿ ಹಿಡಿದು ನಿಲ್ಲುವ ಬದಲು ಕೊಡ ಹಿಡಿದು ನಿಲ್ಲುವುದರಿಂದ ಅವ್ವನಿಗೆ ಬಹಳ ಅವಮಾನವಾಗುತ್ತಿತ್ತು. ನಿನ್ನ ಗಾಡಿಯಲ್ಲಿ ಚಹಾ ಕಾಸಿ ಮಾರು, ಅದಾದರೂ ಕೈಹಿಡಿದೀತು ಎಂದು ದೊಡ್ಡಪ್ಪ ಅಂಗಡಿಗೆ ಬಂದವರ ಮುಂದೆ ನಗೆಯಾಡುತ್ತಿದ್ದ.

ಅಪ್ಪ ಸುಮ್ಮನೆ ಕೂಡಲಿಲ್ಲ. ಫ್ಯಾನ್ ಬೆಲ್ಟ್ ಹೊಸದು ಹಾಕಿದ. ಸೀಳಿದ್ದ ರಬ್ಬರ್ ಪೈಪು ಬದಲಿಸಿದ. ರೇಡಿಯೇಟರಿನ ಮುಚ್ಚಳದ ವಾಶರ್ ಬದಲಿಸಿದ. ಇಂಜಿನ್ ಎಣ್ಣೆಯಲ್ಲಿ ನೀರು ಸೇರಿದೆಯೇ ಎಂದು ಕಡ್ಡಿ ಎಳೆದು ದಿನಾ ನೋಡುತ್ತಿದ್ದ, ಎಣ್ಣೆ ಸ್ವಚ್ಛವಾಗಿಯೇ ಇರುತ್ತಿತ್ತು. ಆಯಿ ಅಮಾವಾಸ್ಯೆಗೊಮ್ಮೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿದಳು. ಅವ್ವ ದೃಷ್ಟಿಯಾಗಿದೆ ಎಂದು ಮುಂದೆ ಕರಿದಾರ ಕಟ್ಟಿದಳು, ಅದೂ ಆಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಮಿಸ್ತ್ರಿ, ಅಪ್ಪನ ಗೆಳೆಯನೇ, ಇನ್ನು ಇಂಜಿನ್ನಿನ ಹೆಡ್ ಬಿಚ್ಚಿ ನೋಡುವುದೊಂದೇ ಉಳಿದದ್ದು, ಬಿಚ್ಚಿದರೆ ಈ ಹಳೇ ಗಾಡಿ ಮತ್ತೆ ಕೂಡುತ್ತದೆ ಅಂತ ಮಾತು ಕೊಡಲಾರೆ ಎಂದ. ಅವನು ಸುಳ್ಳು ಹೇಳುವವನಲ್ಲ.

ಅಷ್ಟರಲ್ಲಿ ರಂಗಂಪೇಟೆಯಿಂದ ಚಿಕ್ಕವ್ವನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆ ಬಂತು. ಚಿಕ್ಕವ್ವ ಅವ್ವನ ಒಬ್ಬಳೇ ತಂಗಿ, ಚೊಚ್ಚಲ ಬಸುರಿ. ಹಸಿರು ಸೀರೆ, ಹಸಿರು ಬಳೆ ತಗೊಂಡು ಅಕ್ಕನೇ ಮುಂದೆ ನಿಲ್ಲಬೇಕು. ದೀಪಾವಳಿ ಮುಗಿದ ಕೂಡಲೇ ಕಾರ್ಯ. ಆವತ್ತು ಸಂಜೆ ದೊಡ್ಡಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ಆಯಿಯ ಎದುರೇ, ಅಪ್ಪನಿಗೆ ಹೇಳಿದ:

'ತಮ್ಮಾ, ಭಾಳ ದಿನ ನೋಡೀನಿ. ಈ ಸಲ ರಂಗಂಪೇಟಿ ಮುಟ್ಟೂದರೊಳಗ ಗಾಡಿ ಕುದೀತಂದ್ರ ಅಲ್ಲೇ ಗುಜರಿಗಿ ಕೊಟ್ಟು ಬಸ್ ಹತ್ತಿ ಬಾ. ಮರುದಿನ ಬಂದು ಗಾದಿ ಮ್ಯಾಲ ಕೂಡು.'

ಅಪ್ಪ ನೆಲ ನೋಡಿದ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಬರಬಾರದು ಬರಬಾರದು ಅಂದುಕೊಂಡ ಮಾತೇ ಬಂತು. 'ಹೌದಣ್ಣ' ಎಂದ. ಆಯಿ ಮೊರ ಕೆಳಗಿಟ್ಟು, ಹಾಗಾದರೆ ನಾನೇ ಗಾಡಿಯಲ್ಲಿ ಕೂತು ಹೋಗುತ್ತೇನೆ, ಕುದಿಯಿತೋ ಇಲ್ಲವೋ ನನ್ನ ಕಣ್ಣಿಂದಲೇ ನೋಡುತ್ತೇನೆ ಎಂದಳು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಯಾವ ಕಥೆಯನ್ನೂ ಹೇಳಲಿಲ್ಲ. ಅವ್ವ ರೊಟ್ಟಿ ಬಡಿದ ಸಪ್ಪಳ ಮಾತ್ರ ಕೇಳುತ್ತಿತ್ತು, ಎಂದಿಗಿಂತ ಜೋರಾಗಿ.

ದೀಪಾವಳಿಯ ಮೊದಲ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಆವತ್ತು ಕಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿ, ತಾಮ್ರ ಥಳಥಳ ಹೊಳೆಯುವಂತೆ ಬೆಳಗಿ, ಕೊರಳಿಗೆ ಹಾಗಲಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಾರೆ. ನೋಡುವವರಿಗೆ ಹೊರಗಿನ ಹೊಳಪು ಕಾಣುತ್ತದೆ, ಹೆಂಗಸರಿಗೆ ಗೊತ್ತಿರುವುದು ಒಳಗಿನ ಪಾಡು. ವರ್ಷವಿಡೀ ಸವಳು ನೀರು ಕಾದು ಕಾದು ಹಂಡೆಯ ಒಳಗೆ ಸುಣ್ಣದಂಥ ಬಿಳಿ ಹಕ್ಕಳೆ ಗಟ್ಟಿಯಾಗಿ ಕೂತಿರುತ್ತದೆ. ಅದು ದಪ್ಪವಾದಷ್ಟೂ ಕಟ್ಟಿಗೆ ಹೆಚ್ಚು ಬೇಕು, ನೀರು ಬೇಗ ಕಾಯುವುದಿಲ್ಲ. ಹುಣಸೆರಸದಲ್ಲಿ ನೆನೆಸಿದರೆ ಮೆತ್ತಗಾಗಿ ಏಳುತ್ತದೆ. ಆ ವರ್ಷ ಅವ್ವ ಹಂಡೆಯೊಳಗೆ ಅರ್ಧ ಮೈ ತೂರಿಸಿ ಹೆರೆಯುತ್ತಿದ್ದವಳು ಒಮ್ಮೆಗೇ ನಿಂತಳು. ಅಂಗೈ ಅಗಲದ ಒಂದು ಹಕ್ಕಳೆ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಮುಖ, ಕೂದಲು ಎಲ್ಲ ಬೆಳ್ಳಗೆ. ಅಪ್ಪ ಗ್ವಾದಲಿಯ ಮೇಲೆ ಕೂತು ಕಾರನ್ನೇ ನೋಡುತ್ತಿದ್ದ. ಅವ್ವ ಅವನ ಮುಂದೆ ನಿಂತು ಕೇಳಿದಳು:

'ಹಂಡೇದಾಗ ಇಷ್ಟು ಕುಂತೈತಿ ಅಂದ್ರ, ದಿನಾ ಅದ ನೀರು ಕುಡಿಯೋ ಇದರ ಹೊಟ್ಟ್ಯಾಗ ಎಷ್ಟು ಕುಂತಿರಬೇಕ್ರಿ?'

ಅಪ್ಪ ಮೊದಲು ತಲೆಯಾಡಿಸಿದ. ರೇಡಿಯೇಟರಿನ ಬಾಯಿಗೆ ಸುರಿದ ನೀರು ಸರಾಗ ಒಳಗಿಳಿಯುತ್ತದೆ, ಒಳಗೆ ಕಟ್ಟಿದ್ದರೆ ಇಳಿಯುತ್ತಿತ್ತೇ ಎಂದು ವಾದಿಸಿದ. ಅವ್ವನೂ ಬಿಡಲಿಲ್ಲ. ಇಬ್ಬರಿಗೂ ಹತ್ತಿಕೊಂಡಿತು. ಹಬ್ಬದ ದಿನ ಗಂಡ ಹೆಂಡತಿ ಜಗಳಾಡುತ್ತೀರಾ ಎಂದು ಆಯಿ ಕಟ್ಟೆಯಿಂದ ಬೈದಳು. ಕೊನೆಗೆ ಅವ್ವ ಗಾಡಿ ಚಾಲೂ ಮಾಡಿ ಎಂದು ಹಟ ಹಿಡಿದಳು. ಅಪ್ಪ ಮುಂದಿನ ಜಾಲರಿ ಬಿಚ್ಚಿ ಇಂಜಿನ್ ಚಾಲೂ ಮಾಡಿದ. ಮುಳ್ಳು ಮೇಲೇರುವತನಕ ಓಡಿಸಿ, ಬಂದ್ ಮಾಡಿದ. ಫ್ಯಾನ್ ನಿಂತ ಮೇಲೆ ಅವ್ವ ತಂಬಿಗೆಯ ನೀರಲ್ಲಿ ಬೆರಳದ್ದಿ, ಹಂಚಿಗೆ ಸಿಡಿಸುವ ಹಾಗೆಯೇ, ರೇಡಿಯೇಟರಿನ ಮೈಮೇಲೆ ಹನಿ ಸಿಡಿಸಿದಳು. ಎರಡೂ ಅಂಚಿನಲ್ಲಿ ಬಿದ್ದ ಹನಿ ನೋಡನೋಡುತ್ತ ಆರಿದವು. ನಡುವೆ, ಮೇಲಿನಿಂದ ಕೆಳಗಿನತನಕ ಅಗಲಗಲ ಪಟ್ಟಿಗಳಲ್ಲಿ, ಹನಿ ಹಾಗೇ ಕೂತಿದ್ದವು. ಅವ್ವ ಅಲ್ಲಿ ಅಂಗೈ ಇಟ್ಟಳು, ತೆಗೆಯಲಿಲ್ಲ. ನನ್ನ ಕೈಯನ್ನೂ ಎಳೆದು ಅಲ್ಲಿಡಿಸಿದಳು. ಇಂಜಿನ್ ಬೆಂಕಿಯಾಗಿದ್ದರೂ ಆ ಜಾಗ ಬೆಚ್ಚಗೂ ಇರಲಿಲ್ಲ.

'ಹಂಚಿಗಿ ಬೆಂಕಿ ಹತ್ತದ ಕಡಿ ರೊಟ್ಟಿ ಹಸಿ ಉಳೀತೈತಿ. ಇಲ್ಲಿ ಬಿಸಿನೀರು ಬರಾಕತ್ತಿಲ್ರಿ. ದಾರಿ ಕಟ್ಟೈತಿ.'

ಅಪ್ಪ ತಾನೂ ಕೈಯಿಟ್ಟು ನೋಡಿದ, ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುತ್ತಲೇ ತಣ್ಣಗಾಗಬೇಕು, ಅರ್ಧಕ್ಕರ್ಧ ಕೊಳವೆ ಮುಚ್ಚಿದ್ದರೆ ತಣ್ಣಗಾಗುವುದೆಲ್ಲಿಂದ? ಸಪಾಟು ದಾರಿಗೆ ಉಳಿದರ್ಧ ಸಾಕಾಗುತ್ತಿತ್ತು, ಏರಿಗೆ ಸಾಲುತ್ತಿರಲಿಲ್ಲ. ಕುದಿದು ಹೋದದ್ದು ನೀರು, ಒಳಗೆ ಉಳಿದದ್ದು ಉಪ್ಪು. ನಾವು ಪ್ರೀತಿಯಿಂದ ದಿನಾ ಕುಡಿಸಿದ ಒಂದೊಂದು ಕೊಡವೂ ಅದರ ಗಂಟಲು ಕಟ್ಟಿತ್ತು. ಅಪ್ಪ ಗಟ್ಟಿಯಾಗಿ ನಕ್ಕುಬಿಟ್ಟ, ನಗುತ್ತಲೇ ಸ್ಪಾನರ್ ತರಲು ಎದ್ದ.

ಆ ಹಬ್ಬದಲ್ಲಿ ನಮ್ಮ ಬಚ್ಚಲಲ್ಲಿ ಎರಡು ಹಂಡೆ ಬೆಳಗಿದೆವು ಎಂದು ಅವ್ವ ಸಾಯುವತನಕ ಹೇಳುತ್ತಿದ್ದಳು. ಅಪ್ಪ ರೇಡಿಯೇಟರನ್ನು ಬಿಚ್ಚಿ ಹೊತ್ತು ತಂದ. ಅದೂ ತಾಮ್ರ ಹಿತ್ತಾಳೆಯದೇ ಎಂದು ನೋಡಿ ಅವ್ವನಿಗೆ ಧೈರ್ಯ ಬಂತು. ಕೆಳಗಿನ ಬಾಯಿಗೆ ಬಟ್ಟೆಯ ಬಿರಡೆ ಜಡಿದು, ಹುಣಸೆರಸ ಕುದಿಸಿ, ಬಿಸಿಬಿಸಿಯಾಗಿಯೇ ಸುರಿದು ಮರುದಿನದವರೆಗೆ ಬಿಟ್ಟರು. ವರ್ಷಕ್ಕೆಂದು ಇಟ್ಟ ಹುಣಸೆಹಣ್ಣು ಅರ್ಧ ಖಾಲಿಯಾದದ್ದಕ್ಕೆ ಆಯಿ ಗೊಣಗಿದಳು. ಬೆಳಿಗ್ಗೆ ಬಿರಡೆ ಕಿತ್ತಾಗ ಮೊದಲು ಹನಿ ಹನಿ, ಆಮೇಲೆ ಅಂಬಲಿಯಂಥ ಬಿಳಿ ರಾಡಿ ಬಂತು. ಇಷ್ಟಕ್ಕೇ ಅಪ್ಪ ತೃಪ್ತನಾಗಲಿಲ್ಲ. ಮೇಲಿನಿಂದ ನೀರು ಬಿಟ್ಟರೆ ಕೂತದ್ದು ಇನ್ನೂ ಒತ್ತಿ ಕೂಡುತ್ತದೆ, ಕೆಳಗಿನಿಂದ ಮೇಲಕ್ಕೆ ಹಾಯಿಸಬೇಕು ಎಂದ. ಮಾಳಿಗೆಯ ಮೇಲೆ ಡ್ರಮ್ಮು ಏರಿಸಿ, ನಾವೆಲ್ಲ ಬಾವಿಯ ನೀರು ಹೊತ್ತು ತುಂಬಿಸಿ, ಅದರಿಂದ ಪೈಪು ಇಳಿಸಿ ರೇಡಿಯೇಟರಿನ ಕೆಳಗಿನ ಬಾಯಿಗೆ ಬಿಗಿದ. ನಾನು ಮಾಳಿಗೆಯ ಮೇಲೆ ನಿಂತು ಪೈಪಿನ ಬಾಯಿ ಬಿಟ್ಟೆ. ಕೆಳಗೆ ಹಿತ್ತಲಲ್ಲಿ ರೇಡಿಯೇಟರಿನ ಮೇಲಿನ ಬಾಯಿಂದ ಹಕ್ಕಳೆಯ ಚೂರುಗಳು ಚಿಮ್ಮಿ ಅಪ್ಪನ ಎದೆ ತೋಯಿಸಿದವು. ಇಂಜಿನ್ನಿನ ಕೆಳಗಿನ ತಿರುಪು ಬಿಚ್ಚಿ, ತಂತಿ ಆಡಿಸಿ, ಅದರ ಹೊಟ್ಟೆಯನ್ನೂ ಹೀಗೇ ತೊಳೆದ. ನೀರು ತಿಳಿಯಾಗಿ ಬರುವ ಹೊತ್ತಿಗೆ ಹಿತ್ತಲ ನೆಲ ಸುಣ್ಣ ಬಳಿದಂತಾಗಿತ್ತು. ಅವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆ ದಿನ ನನ್ನ ಅವ್ವನಷ್ಟು ದೊಡ್ಡವರು ಶಹಾಪುರದಲ್ಲಿ ಯಾರೂ ಇರಲಿಲ್ಲ.

ನಿಜವಾದ ಯುದ್ಧ ಆಮೇಲೆ ಬಂತು. ಎಲ್ಲ ಕೂಡಿಸಿದ ಮೇಲೆ ನೀರು ತುಂಬಬೇಕು. ಬಾವಿಯ ನೀರನ್ನೇ ಹಾಕಿದರೆ ಮತ್ತೆ ಅದೇ ಹಾಡು. ಅವ್ವ ಅಡುಗೆಮನೆಗೆ ಹೋಗಿ ಸಿಹಿನೀರಿನ ಕೊಡ ಎತ್ತಿ ಟೊಂಕಕ್ಕಿಟ್ಟಳು. ಆಯಿ ಬಾಗಿಲಿಗೆ ಅಡ್ಡ ಬಂದು ನಿಂತಳು. ಊರಿಗೆ ಊರೇ ಹೊರುವ ನೀರನ್ನು ಕಬ್ಬಿಣಕ್ಕೆ ಸುರಿಯುತ್ತೀಯಾ, ನನ್ನ ಅತ್ತೆ ಕೂಸಿನ ಮೈತೊಳೆಯಲಿಕ್ಕೂ ಈ ನೀರು ಕೊಟ್ಟಿರಲಿಲ್ಲ ಎಂದಳು. ಅವ್ವ ಅಲ್ಲಿಯತನಕ ಆಯಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆವತ್ತು ಕೊಡ ಟೊಂಕದಿಂದ ಇಳಿಸದೆ ಮೆತ್ತಗೆ ಹೇಳಿದಳು:

'ಅತ್ತಿ, ಈ ನೀರು ಹೊರೂಕಿ ನಾನ. ಇನ್ನೊಂದು ಕೊಡ ಹೊರತೇನಿ. ಆದ್ರ ನಿಮ್ಮ ಮಗ ಮತ್ತ ಆ ಗಾದಿ ಮ್ಯಾಲ ಬಾಯಿ ಮುಚ್ಕೊಂಡು ಕೂಡೂದು ನಾ ನೋಡಂಗಿಲ್ರಿ.'

ಆಯಿ ಹಿತ್ತಲಲ್ಲಿ ಸುಣ್ಣದ ರಾಡಿಯಲ್ಲಿ ಬರಿಗಾಲಲ್ಲಿ ನಿಂತಿದ್ದ ಮಗನ ಕಡೆ ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಸರಿದಳು. ಅಷ್ಟೇ. ಅವ್ವ ಕೊಡ ಒಯ್ದು ಒಂದು ಹನಿ ಚೆಲ್ಲದಂತೆ ಸುರಿದಳು.

ಕುಬಸದ ದಿನ ಬಿಸಿಲು ಬೇಕಂತಲೇ ಬಂದಂತೆ ಬಂದಿತ್ತು. ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ನಾನು, ನನ್ನ ಪಕ್ಕ ಇಲಕಲ್ ಸೀರೆ ಉಟ್ಟ ಆಯಿ. ಹಿಂದೆ ಹಸಿರು ಸೀರೆ, ಬಳೆ, ಕೊಬ್ಬರಿಯ ಬುಟ್ಟಿಗಳ ನಡುವೆ ಅವ್ವ. ದೊಡ್ಡಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಮ್ಮನ್ನು ಕಳಿಸಿದ, ಬಸ್ಸಿನ ವೇಳೆಯನ್ನೂ ನೆನಪಿಸಿದ. ದಾರಿಯುದ್ದಕ್ಕೂ ನಾನು ಗಿಡ ನೋಡಲಿಲ್ಲ, ಹೊಲ ನೋಡಲಿಲ್ಲ, ಮುಳ್ಳೊಂದನ್ನೇ ನೋಡಿದೆ. ಅದು ನಡುವಿಗೆ ಬಂದು ನಿಂತಿತ್ತು. ಸುರಪುರದ ಏರು ಶುರುವಾಯಿತು. ಅಪ್ಪ ಗೇರ್ ಇಳಿಸಿದ, ಇಂಜಿನ್ ದನಿ ಎತ್ತಿತು. ಮುಳ್ಳು ಅಲುಗಿ ಒಂದಿಷ್ಟು ಮೇಲೆದ್ದಿತು. ಅಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಆಯಿ ಏನೋ ಮಣಮಣ ಅನ್ನುತ್ತ ಕೊರಳಿನ ಲಿಂಗ ಹಿಡಿದುಕೊಂಡಿದ್ದಳು. ಮುಳ್ಳು ಅಲ್ಲೇ ನಿಂತಿತು. ನಾವು ಪ್ರತಿ ಸಲ ಕೆಟ್ಟು ನಿಲ್ಲುತ್ತಿದ್ದ ಬೇವಿನಮರ ಬಂತು, ಹಿಂದಕ್ಕೆ ಹೋಯಿತು. ಮುಳ್ಳು ಅಲ್ಲೇ ಇತ್ತು. ಹಿಂದಿನಿಂದ ಅವ್ವನ ಬಳೆ ಸಪ್ಪಳವಾಯಿತು, ತಿರುಗಿ ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಏರಿನ ತಲೆಯಲ್ಲಿ ಮಾವ ಮತ್ತು ಅವನ ಮಂದಿ ಎಂದಿನಂತೆ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಕಾರು ನಿಲ್ಲಲೇ ಇಲ್ಲ. ಅವರ ಮುಂದಿನಿಂದ ಭರ್ರನೆ ಹಾದುಹೋಯಿತು. ಕೊಡ ಹಿಡಿದವರು ಕೊಡ ಹಿಡಿದೇ, ಬಾಯಿ ತೆರೆದು ನಮ್ಮ ಕಡೆ ತಿರುಗಿದರು. ನಾನು ಆಯಿಯ ತೊಡೆಯ ಮೇಲಿಂದ ಬಾಗಿ ಕಿಡಕಿಯಿಂದ ಕೈಬೀಸಿದೆ. ಅಷ್ಟು ಸಂತೋಷ ನನಗೆ ಆಮೇಲೆ ನನ್ನ ಲೈಸೆನ್ಸು ಕೈಗೆ ಬಂದ ದಿನವೂ ಆಗಲಿಲ್ಲ. ಅಪ್ಪ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದ. ಓಡುತ್ತ ಬಂದ ಮಾವನಿಗೆ ಆಯಿ ಕಿಡಕಿಯಿಂದಲೇ ಹೇಳಿದಳು:

'ಗಾಡಿಗಿ ಏನೂ ಬೇಕಾಗಿಲ್ಲಪ್ಪ. ಆ ನೀರು ಒಯ್ದು ಬ್ಯಾಳಿಗಿ ಇಡ್ರಿ.'

ಕುಬಸ ಮುಗಿಸಿ, ಹೋಳಿಗೆ ಉಂಡು, ಅದೇ ಕಾರಿನಲ್ಲಿ ಸಂಜೆಗೆ ಶಹಾಪುರಕ್ಕೆ ಬಂದೆವು. ದೊಡ್ಡಪ್ಪ ನಮ್ಮ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. ಕಾರು ದೊಡ್ಡ ಬಾಗಿಲಿನಿಂದ ಒಳಗೆ ಬಂದು ಗ್ವಾದಲಿಗೆ ಮೂತಿ ಕೊಟ್ಟು ನಿಂತಿತು. ಅವನು ಕಾರಿನ ಸುತ್ತ ಒಂದು ಸಲ ತಿರುಗಿ, ಬಾನೆಟ್ಟಿನ ಮೇಲೆ ಕೈಯಿಟ್ಟು, ಎಲ್ಲಿ ಕುದಿಯಿತು ಎಂದು ಕೇಳಿದ. ಅಪ್ಪ ಬಾಯಿ ತೆರೆಯುವ ಮೊದಲೇ ಆಯಿ ಇಳಿದು ಸೀರೆ ಸರಿಮಾಡಿಕೊಂಡಳು.

'ರಂಗಂಪೇಟ್ಯಾಗ ಬ್ಯಾಳಿ ಕುದೀತು, ಹೊಟ್ಟಿ ತುಂಬ ಉಂಡು ಬಂದೀವಿ. ಗಾಡಿ ಕುದೀಲಿಲ್ಲ. ನಿನ್ನ ಗಾದಿಗಿ ಬ್ಯಾರೆ ಮಂದೀನ ನೋಡ್ಕೊ.'

ಹಾಗೆ ಹೇಳಿ ನನ್ನ ಕಡೆ ತಿರುಗಿ, ದುಡಿದು ಬಂದಿದೆ, ನೀರು ಕೊಡು ಎಂದಳು. ನೀರು ಕಡಿಮೆಯಾಗಿರಲಿಲ್ಲ. ಅಪ್ಪ ಬೇಕಿಲ್ಲ ಅನ್ನಲು ಹೋದವನು ಬಾನೆಟ್ ಎತ್ತತೊಡಗಿದ. ನಾನು ಅಭ್ಯಾಸದಂತೆ ಹಿತ್ತಲ ಬಾವಿಯ ಕಡೆ ಓಡಿದೆ. ಆಯಿ ಹಿಂದಿನಿಂದ ಕೂಗಿ ಕರೆದಳು.

'ಅಲ್ಲಿ ಎಲ್ಲಿಗಿ ಹೊಂಟಿ? ಅಡಗಿಮನ್ಯಾಗಿನ ಕೊಡ ತಾ.'